ಗಾಜಿನೊಳಗಿನ ಸ್ವೆಟರ್

ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಸುಮ್ಮನೆ ಕೂತವರಿಗೆ ಉಳಿಗಾಲವಿರಲಿಲ್ಲ. ನಮ್ಮ ಅತ್ತೆ ಒಮ್ಮೆ ಸುತ್ತ ಕಣ್ಣು ಹಾಯಿಸಿ, ಯಾರ ಎರಡೂ ಕೈ ಖಾಲಿ ಇವೆಯೋ ಅವರ ಮುಂದೆ ಬಂದು ಕೂತು, "ಕೈ ಚಾಚು" ಎನ್ನುತ್ತಿದ್ದರು. ಚಾಚಿದರೆ ಮುಗಿಯಿತು. ಎರಡು ಮುಂಗೈಗಳಿಗೆ ಉಲನ್ ದಾರದ ಲಡಿ ಏರಿಸಿ, ಎದುರಿಗೆ ಕೂತು ನಿಧಾನವಾಗಿ ಉಂಡೆ ಸುತ್ತುತ್ತಿದ್ದರು. ಅಷ್ಟು ಹೊತ್ತೂ ಕೈ ಇಳಿಸುವಂತಿಲ್ಲ. ಮೂಗು ತುರಿಸಿದರೂ ತಡೆದುಕೊಳ್ಳಬೇಕು. ಸೊಸೆಯಾಗಿ ಇಂಡಿಗೆ ಬಂದ ಹೊಸತರಲ್ಲಿ ನಾನು ಇದನ್ನು ಪ್ರೀತಿ ಎಂದುಕೊಂಡಿದ್ದೆ. ಆಮೇಲೆ ಹಾಲಿನವನನ್ನೂ ಒಂದು ದಿನ ಕಟ್ಟೆಯ ಮೇಲೆ ಕೂಡಿಸಿ ಲಡಿ ಹಿಡಿಸಿದ್ದು ನೋಡಿ, ಇದು ನನಗೊಬ್ಬಳಿಗೆ ಸಿಕ್ಕ ಗೌರವವೇನಲ್ಲ ಎಂದು ತಿಳಿಯಿತು.

ಈ ಬಿಸಿಲಿನ ನಾಡಿನಲ್ಲಿ ಉಲನ್ ಯಾರಿಗೆ ಬೇಕು ಎಂದು ಕೇಳುವವರು ನಮ್ಮ ಕಡೆಯ ಚಳಿ ಉಂಡವರಲ್ಲ. ದೀಪಾವಳಿ ಮುಗಿಯಿತೆಂದರೆ ಎರೆ ಹೊಲದ ಮೇಲಿನಿಂದ ಬರುವ ಗಾಳಿ ಕಿವಿಯನ್ನೇ ಹುಡುಕಿಕೊಂಡು ಬರುತ್ತದೆ. ಶಿವರಾತ್ರಿಯ ತನಕ ಬೆಳಗಿನ ಹೊತ್ತು ನೀರು ಮುಟ್ಟಲಾಗುವುದಿಲ್ಲ. ಅಷ್ಟು ಸಾಕು ನಮ್ಮ ಅತ್ತೆಗೆ, ವರ್ಷವಿಡೀ ಹೆಣೆಯಲು.

ಆದರೆ ಅವರು ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಹೊಸ ಉಲನ್ ಅಂಗಡಿಯಿಂದ ತರುವುದು ಅವರ ಪಾಲಿಗೆ ಸೋಮಾರಿಗಳ ಕೆಲಸ. ಕೂಸು ಬೆಳೆಯಿತು, ಸ್ವೆಟರ್ ಬಿಗಿಯಾಯಿತು ಎಂದರೆ ಅದನ್ನು ಬಿಚ್ಚಿ, ದಾರವನ್ನು ಲಡಿ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಸುಕ್ಕು ಹೋಗಲೆಂದು ತುದಿಗೆ ಕಲ್ಲು ಕಟ್ಟಿ ತೂಗುಹಾಕುತ್ತಾರೆ. ಒಣಗಿದ ಮೇಲೆ ಯಾರದಾದರೂ ಕೈಗೆ ಏರಿಸಿ ಉಂಡೆ ಸುತ್ತುತ್ತಾರೆ. ಬರುವ ಚಳಿಗೆ ಅದೇ ದಾರ ಇನ್ನೊಂದು ಮೈ ಮೇಲೆ ಇರುತ್ತದೆ. ಮದುವೆಯಾದ ವರ್ಷ ನನಗೊಂದು ಹಸಿರು ಸ್ವೆಟರ್ ಹೆಣೆದುಕೊಟ್ಟಿದ್ದರು. ಎರಡು ಚಳಿ ಹಾಕಿಕೊಂಡೆ. ಆಮೇಲೆ ಪಂಚಮಿಗೆಂದು ಗೊಳಸಂಗಿಯ ತವರಿಗೆ ಹೋಗಿ ಬಂದು ನೋಡುತ್ತೇನೆ, ನನ್ನ ಸ್ವೆಟರ್ ಇಲ್ಲ. ಅದು ಮುದ್ದೇಬಿಹಾಳದಲ್ಲಿರುವ ನಾದಿನಿಯ ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಅಂಗಿ ಆಗಿ ಹೊರಟು ನಿಂತಿತ್ತು.

"ನನ್ನ ಕೇಳಬೇಕಿತ್ತಲ್ರಿ ಅತ್ತೀ" ಎಂದೆ.

"ಕೇಳಿದ್ರ ನೀ ಕೊಡಾಕಿ ಅಲ್ಲ. ಅದಕ್ಕ ನೀ ಇಲ್ಲದಾಗ ಬಿಚ್ಚೀನಿ" ಎಂದರು, ಕಡ್ಡಿಯಿಂದ ಕಣ್ಣು ಎತ್ತದೆ. "ಬಗಲಾಗ ಬಿಗಿ ಆಗಿತ್ತವಾ ನಿನಗ. ಉಳಿದ ಉಂಡಿ ಟ್ರಂಕಿನ್ಯಾಗ ಇಟ್ಟೇನಿ, ಎಲ್ಲೂ ಹೋಗೂದಿಲ್ಲ."

ಬಗಲಲ್ಲಿ ಬಿಗಿಯಾಗಿದ್ದು ನಿಜ. ಆದರೆ ಅದನ್ನು ಅವರ ಬಾಯಿಂದ ಕೇಳಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಯಾರೂ ಗಮನಿಸದ ಕಾರಣ ನಾನೇ ಸರಿಹೋದೆ.

ಅತ್ತೆ ಹಾಲಿನವನ ತನಕ ಹೋಗುತ್ತಿದ್ದುದು ನಮ್ಮ ಮಾವ ಮನೆಯಲ್ಲಿ ಇಲ್ಲದಾಗ ಮಾತ್ರ. ಅವರಿದ್ದರೆ ಲಡಿ ಅವರ ಕೈಗೇ. ಮಾವ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಿರುಗಿ ಕೊನೆಗೆ ಇಂಡಿಗೆ ಬಂದು ಇಲ್ಲೇ ಮನೆ ಕಟ್ಟಿಸಿದರು. ಸಿಂದಗಿಯಲ್ಲಿದ್ದಾಗ ಬೆಳಗಿನ ಚಳಿಯಲ್ಲಿ ಗಾಡಿಯ ಮೇಲೆ ಹಳ್ಳಿ ಹಳ್ಳಿ ತಿರುಗುವ ಗಂಡನಿಗೆಂದು ಅತ್ತೆ ಮೊದಲ ಸಲ ಕಡ್ಡಿ ಹಿಡಿದದ್ದು. ದಾರ ಕುಂಕುಮಗೆಂಪು, ಸ್ವಲ್ಪ ಕಪ್ಪಿಗೆ ತಿರುಗಿದ ಬಣ್ಣ. ಮುದ್ದೇಬಿಹಾಳಕ್ಕೆ ವರ್ಗವಾದಾಗ ಅತ್ತೆಯ ತವರು ತಂಗಡಗಿ ಹತ್ತಿರವಾಗಿ, ಮಾವನ ಮೈ ಹೆಂಡತಿಯ ತವರಿನ ಊಟಕ್ಕೆ ತುಂಬಿಕೊಂಡಿತು. ಸ್ವೆಟರ್ ಬಿಚ್ಚಿ ಸಡಿಲ ಮಾಡಿ ಹೆಣೆದರು. ಬಾಗೇವಾಡಿಯಲ್ಲಿ ಒಂದು ಹೋರಿ ಕೋಡು ಹಾಕಿ ಸ್ವೆಟರಿನ ಮೊಳಕೈ ಹರಿಯಿತು. ಮತ್ತೆ ಬಿಚ್ಚಿದರು. ಇಂಡಿಯಲ್ಲಿ ನಿವೃತ್ತರಾದ ಮೇಲೆ ಮೈ ಇಳಿಯಿತು, ಇನ್ನೊಮ್ಮೆ ಬಿಚ್ಚಿ ಚಿಕ್ಕದು ಮಾಡಿದರು. ಪ್ರತಿಸಲವೂ ತಮ್ಮ ಸ್ವೆಟರಿನ ದಾರವನ್ನು ತಮ್ಮ ಕೈಗಳ ಮೇಲೆಯೇ ಹಾಕಿಸಿಕೊಂಡು ಮಾವ ಮರದ ಕುರ್ಚಿಯ ಮೇಲೆ ನೆಟ್ಟಗೆ ಕೂತಿರುತ್ತಿದ್ದರು. ಮನೆಯಲ್ಲಿ ತೊಡುವ ಬಿಳಿ ಅಂಗಿ, ಮುಂದೆ ಚಾಚಿದ ಎರಡು ಕೈ. ಮಾತು ಕಡಿಮೆ ಅವರಿಗೆ. ಗಂಡ ಹೆಂಡತಿ ಏನಾದರೂ ಮಾತಾಡಿಕೊಳ್ಳುತ್ತಿದ್ದರೆ ಅದು ಆ ಹೊತ್ತಿನಲ್ಲೇ.

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಮಾತ್ರ ಅವ್ವನ ಲಡಿಗೆ ಒಮ್ಮೆಯೂ ಸಿಕ್ಕವರಲ್ಲ. ಅವರ ಕೈ ಖಾಲಿ ಇದ್ದರಲ್ಲವೇ? ಪಿಯು ಕಾಲೇಜಿನಲ್ಲಿ ಪಾಠ ಮಾಡುವುದು ಹೊಟ್ಟೆಪಾಡು, ಕ್ಯಾಮೆರಾ ಪ್ರಾಣ. ಎಲ್ಲರೂ ಮೊಬೈಲಿನಲ್ಲೇ ಫೋಟೋ ತೆಗೆಯುವ ಈ ಕಾಲದಲ್ಲೂ ಅವರದು ಕೊರಳಿಗೆ ಪಟ್ಟಿ ಹಾಕಿ ತೂಗುಬಿಟ್ಟ ದೊಡ್ಡ ಕ್ಯಾಮೆರಾ. ಚಳಿಗಾಲದ ಭಾನುವಾರಗಳಲ್ಲಿ ಬೆಳಕು ಹರಿಯುವ ಮೊದಲೇ ಅಗರಖೇಡದ ಕಡೆ ಭೀಮಾ ನದಿಯ ದಂಡೆಗೆ ಹೋಗಿ, ಹಕ್ಕಿಗಳಿಗಾಗಿ ಒದ್ದೆ ಮರಳಿನ ಮೇಲೆ ಕಾಯುತ್ತಾ ಕೂಡುತ್ತಾರೆ. ಬರುವಾಗ ಹಕ್ಕಿ ಸಿಕ್ಕಿರುತ್ತದೋ ಇಲ್ಲವೋ, ಕೆಮ್ಮು ಸಿಕ್ಕಿರುತ್ತದೆ. ಮನೆಯ ಎಲ್ಲರ ಫೋಟೋಗಳೂ ಇವೆ, ಅವರದೊಂದಿಲ್ಲ. ಬೇರೆಯವರು ತೆಗೆದ ಫೋಟೋಗಳಲ್ಲಿ ಅವರಿಗೆ ತಪ್ಪು ಬಿಟ್ಟು ಏನೂ ಕಾಣುವುದಿಲ್ಲವಾದ್ದರಿಂದ ನಾವ್ಯಾರೂ ಆ ಉಸಾಬರಿಗೆ ಹೋಗಿರಲಿಲ್ಲ.

ನನ್ನದು ಕೈತೋಟ. ತೋಟ ಎಂದರೆ ಮನೆಯ ಮುಂದಿನ ಒಂದು ಚೂರು ಜಾಗ. ಬೇಸಿಗೆಯಲ್ಲಿ ಬಾಯಿಬಿಡುವ ಎರೆ ಮಣ್ಣು, ಸವುಳು ನೀರು, ಅದರಲ್ಲೇ ಒಂದು ನಿಂಬೆ, ದಾಸವಾಳ, ಅಬ್ಬಲಿಗೆ, ಮೂಲೆಯಲ್ಲಿ ಗುಲಾಬಿ. ಗುಲಾಬಿಯನ್ನು ವರ್ಷಕ್ಕೊಮ್ಮೆ ನಿರ್ದಯವಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಬರೀ ಕಡ್ಡಿ ಬೆಳೆದು ಹೂವು ಸಣ್ಣದಾಗುತ್ತದೆ. ನಾನು ಕತ್ತರಿ ಹಿಡಿದು ಹೊರಬಂದರೆ ಸಾಕು, ಒಳಗಿನಿಂದ ಇವರ ದನಿ: "ತಡಿ, ಆ ಟೊಂಗಿ ಮ್ಯಾಲ ಇನ್ನೊಂದು ಮೊಗ್ಗಿ ಐತಿ. ಅರಳಿದ್ದು ಫೋಟೋ ತಗೊಂಡ ಮ್ಯಾಲ ಕಡಿ." ಒಂದು ಮೊಗ್ಗು ಅರಳುವಷ್ಟರಲ್ಲಿ ಇನ್ನೊಂದು. ಹೀಗೆ ಕಾಯುತ್ತಾ ಒಂದು ವರ್ಷ ಕತ್ತರಿಸುವ ಹಂಗಾಮೇ ದಾಟಿಹೋಯಿತು. ಮರುವರ್ಷ ಅವರು ಕಾಲೇಜಿಗೆ ಹೋದಾಗ ಕತ್ತರಿಸಿದೆ. ಅತ್ತೆ ನನ್ನ ಹಸಿರು ಸ್ವೆಟರ್ ಬಿಚ್ಚಿದ್ದರ ಹಿಂದಿನ ವಿಚಾರ ನನಗೆ ಪೂರ್ತಿ ತಿಳಿದದ್ದು ಅವತ್ತು.

ಮಾವ ತೀರಿಕೊಂಡದ್ದು ಒಂದು ಚಳಿಗಾಲದ ಕೊನೆಗೆ, ಹೆಚ್ಚು ನರಳದೆ. ಹೋದವರ ಬಟ್ಟೆ ನಮ್ಮಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮನೆಯವರು ಯಾರೂ ತೊಡುವುದೂ ಇಲ್ಲ. ದಿನಗಳೆಲ್ಲ ಮುಗಿದ ಮೇಲೆ ಕೊಟ್ಟುಬಿಡುತ್ತೇವೆ. ಅತ್ತೆಯೇ ಮುಂದೆ ನಿಂತು ಅಂಗಿ, ಧೋತರ, ರುಮಾಲು ಎಲ್ಲ ಗಂಟು ಕಟ್ಟಿಸಿದರು. ಕೆಂಪು ಸ್ವೆಟರ್ ಮಾತ್ರ ಎತ್ತಿ ತಮ್ಮ ಪಕ್ಕಕ್ಕೆ ಇಟ್ಟುಕೊಂಡರು. ಹಿರಿಯರೊಬ್ಬರು ಹಾಗೆ ಇಟ್ಟುಕೊಳ್ಳಬಾರದು ಎಂದಾಗ ಅತ್ತೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಇದು ಅರಿವಿ ಅಲ್ರಿ, ಉಲನ್ ಐತಿ. ನಾ ಬಿಚ್ಚಾಕಿ ಅದೇನಿ. ಬಿಚ್ಚಿದ ಮ್ಯಾಲ ಅದು ಯಾರದೂ ಅಲ್ಲ."

ಆ ಮಾತಿಗೆ ಎಲ್ಲರೂ ಒಪ್ಪಿದರು. ಮಗ ಅಲ್ಲೇ ಇದ್ದರು, ಆದರೆ ಕೇಳಿಸಿಕೊಂಡಿರಲಿಲ್ಲ ಎಂದು ಕಾಣುತ್ತದೆ.

ವರ್ಷ ತುಂಬಿ ಮುಂದಿನ ದೀಪಾವಳಿ ಕಳೆಯಿತು. ಒಂದು ಬೆಳಿಗ್ಗೆ ಅತ್ತೆ ಅಂಗಳದ ಬಿಸಿಲಿಗೆ ಚಾಪೆ ಹಾಕಿ, ಸ್ವೆಟರನ್ನು ತೊಡೆಯ ಮೇಲೆ ಹರಡಿ, ಬಗಲಿನ ಹೊಲಿಗೆ ಬಿಚ್ಚಲು ಸಣ್ಣ ಕತ್ತರಿ ತೆಗೆದುಕೊಂಡರು. ನಾನು ನಿಂಬೆಯ ಬುಡ ಕೆದರುತ್ತಿದ್ದೆ. ಇವರು ಹೊರಗೆ ಬಂದು ನೋಡಿ ಅಲ್ಲೇ ನಿಂತುಬಿಟ್ಟರು.

"ಅವ್ವ, ಏನ್ ಮಾಡಾಕತ್ತಿ?"

"ಬಿಚ್ಚಾಕತ್ತೇನಿ."

"ಅದು ಅಪ್ಪಂದು."

"ಗೊತ್ತೈತಿ. ನಾನ ಹೆಣದೇನಿ."

"ಬಿಚ್ಚಿದ್ರ ಏನ್ ಉಳೀತೈತವ್ವ?"

"ಉಲನ್ ಉಳೀತೈತಿ."

ಇವರು ಬಗ್ಗಿ ಸ್ವೆಟರನ್ನು ಅವ್ವನ ತೊಡೆಯಿಂದ ಎತ್ತಿಕೊಂಡರು. ಕಸಿದರು ಎನ್ನಲಾರೆ, ಆದರೆ ಕೇಳಿ ತೆಗೆದುಕೊಂಡದ್ದೂ ಅಲ್ಲ. ಅದನ್ನು ಎದೆಗೆ ಹಿಡಿದು ನಿಂತ ಐವತ್ತರ ಹತ್ತಿರದ ಗಂಡಸನ್ನು ನೋಡಿ ನನಗೆ ಪಾಪ ಎನಿಸಿತು. ಸಣ್ಣವರಿದ್ದಾಗ ಅಪ್ಪನ ಗಾಡಿಯ ಹಿಂದೆ ಕೂತು, ಗಾಳಿ ತಾಗದಂತೆ ಆ ಸ್ವೆಟರಿನ ಬೆನ್ನಿಗೆ ಮುಖ ಒತ್ತಿಕೊಂಡು ಸಾಲೆಗೆ ಹೋದವರು ಅವರು. ಅದರಲ್ಲಿ ಫಿನೈಲಿನ ವಾಸನೆ, ದನದ ವಾಸನೆ, ಅಪ್ಪನ ವಾಸನೆ ಮೂರೂ ಇರುತ್ತಿದ್ದವಂತೆ. ಹಾಗಿದ್ದೂ ನಾನು ಸುಮ್ಮನಿರುವವಳಲ್ಲ.

"ಅವರು ಹೆಣದದ್ದು, ಅವರು ಬಿಚ್ತಾರ. ನಿಮಗೇನ್ರಿ?" ಎಂದೆ.

"ನಿನ್ನ ಕೈಯಾಗ ಕತ್ರಿ ಬಂದ್ರ ಎಲ್ಲಾನೂ ಕಡ್ಯೂದ ಗೊತ್ತು" ಎಂದು ನನ್ನ ಮೇಲೆ ಹಾಯ್ದು ಒಳಗೆ ಹೋದರು. ಅತ್ತೆ ಕತ್ತರಿಯನ್ನು ಡಬ್ಬಿಗೆ ಹಾಕಿ, ಚಾಪೆ ಸುತ್ತಿ, ಏನೂ ಆಗದವರಂತೆ ಎದ್ದರು. ಏಳುವಾಗ ನೆಲಕ್ಕೆ ಊರಿದ ಕೈಯ ಬೆರಳುಗಳು ಪೂರ್ತಿ ಚಾಚಿಕೊಳ್ಳಲಿಲ್ಲ. ಗೆಣ್ಣುಗಳು ಊದಿದ್ದವು. ಅದನ್ನು ನಾನು ಅವತ್ತೇ ಮೊದಲು ಸರಿಯಾಗಿ ನೋಡಿದ್ದು.

ಅಪ್ಪನ ಸ್ವೆಟರನ್ನು ಉಳಿಸಬೇಕು, ಸರಿ. ಬೇರೆ ಯಾರಾದರೂ ಆಗಿದ್ದರೆ ಮಡಚಿ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಡುತ್ತಿದ್ದರು. ಫೋಟೋ ತೆಗೆಯುವವರ ಬುದ್ಧಿ ಹಾಗೆ ಓಡುವುದಿಲ್ಲ. ಕಣ್ಣಿಗೆ ಕಾಣದ್ದು ಅವರಿಗೆ ಇದ್ದಂತಲ್ಲ. ಒಂದು ವಾರದ ಮೇಲೆ ಗೂಡ್ಸ್ ಆಟೋದಲ್ಲಿ ಬಾಗಿಲಿನಷ್ಟು ದೊಡ್ಡ ಕಟ್ಟು ಬಂತು. ಬಿಚ್ಚಿದರೆ ಮರದ ಚೌಕಟ್ಟು, ಮುಂದೆ ಗಾಜು, ಹಿಂದೆ ಕೆನೆಬಣ್ಣದ ಮಖಮಲ್ಲು, ನಡುವೆ ತೋಳು ಎರಡೂ ಕಡೆ ಚಾಚಿದ ಮಾವನ ಸ್ವೆಟರ್. ಚೌಕಟ್ಟು ಹಾಕುವವನು ಅದನ್ನು ಭುಜದ ಹತ್ತಿರ ಸಣ್ಣ ಮೊಳೆಗಳಿಂದ ಮಖಮಲ್ಲಿಗೆ ಹೊಡೆದಿದ್ದ. ಪಡಸಾಲೆಯ ಗೋಡೆಗೆ ಏರಿಸಿ, ದೂರ ನಿಂತು, ಬೆಳಕು ಎಲ್ಲಿಂದ ಬೀಳುತ್ತದೆ ಎಂದು ಇವರು ತಲೆ ವಾರೆ ಮಾಡಿ ನೋಡಿದರು. ಸಂಜೆ ಸಾಲೆಯಿಂದ ಬಂದ ಮಗಳು ಚೀಲ ಇಳಿಸದೆ ನಿಂತಳು.

"ಮುತ್ಯಾ ಬಾ ಅಂತ ಕರದಂಗ ಕಾಣತೈತಿ" ಎಂದಳು, ಅಜ್ಜನ ಸ್ವೆಟರಿನ ಚಾಚಿದ ತೋಳು ನೋಡುತ್ತಾ.

ಆಮೇಲೆ ಎಷ್ಟೋ ದಿನ ನಾನು ಆ ಗೋಡೆಯ ಮುಂದೆ ಹಾಯುವಾಗ ಆ ಕಡೆ ನೋಡುತ್ತಿರಲಿಲ್ಲ. ಮುದ್ದೇಬಿಹಾಳದಿಂದ ಬಂದ ನಾದಿನಿಗಂತೂ ತಡೆದುಕೊಳ್ಳಲಾಗಲಿಲ್ಲ.

"ಅಣ್ಣಾ, ಹೋದವರ ಅರಿವಿ ಯಾರರೆ ಗ್ವಾಡಿಗೆ ತೂಗಬಿಡ್ತಾರೇನು? ಹೂವು ಏರಸಾಕ ಅಪ್ಪನ ಫೋಟೋ ಐತಲ್ಲ."

"ಇದೂ ಫೋಟೋ ಇದ್ದಂಗನ" ಎಂದರು ಇವರು.

"ವೈನೀ, ನೀವರೆ ಹೇಳ್ರಿ" ಎಂದು ಆಕೆ ನನ್ನ ಕಡೆ ತಿರುಗಿದಳು. ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ತಿಂಗಳಾಗಿರಬಹುದು. ಒಂದು ಬೆಳಿಗ್ಗೆ ಅತ್ತೆ ಚಹಾದ ಕಪ್ಪು ಹಿಡಿದು ಗಾಜಿನ ಮುಂದೆ ನಿಂತಿದ್ದರು. ನನ್ನನ್ನು ಕರೆದು ಎಡಭುಜದ ಹತ್ತಿರ ಬೆರಳಿಟ್ಟು ತೋರಿಸಿದರು. "ನೋಡಿಲ್ಲಿ. ಮೊಳಿ ದಾರ ಕಡದೈತಿ. ಕುಣಿಕಿ ಬಿಟ್ಟೈತಿ." ನನಗೆ ಕಂಡದ್ದು ಒಂದು ಸಣ್ಣ ತೂತು. ಹೆಣೆದ ಬಟ್ಟೆಯಲ್ಲಿ ಒಂದು ಕುಣಿಕೆ ಬಿಟ್ಟರೆ ಅದರ ಕೆಳಗಿನದು ಬಿಡುತ್ತದೆ, ಆಮೇಲೆ ಅದರ ಕೆಳಗಿನದು. ಮಡಚಿ ಇಟ್ಟಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತೇನೋ. ಇದು ತೂಗುಬಿದ್ದಿತ್ತು, ಅದರದೇ ಭಾರ ಅದನ್ನು ಎಳೆಯುತ್ತಿತ್ತು. ಕೆಲವು ದಿನಗಳಲ್ಲಿ ಭುಜದಿಂದ ಕೆಳಗೆ ಏಣಿಯಂತೆ ಒಂದು ಗೆರೆ ಇಳಿಯತೊಡಗಿತು. ಗಾಜಿನ ಒಳಗೆ, ಯಾರೂ ಮುಟ್ಟದೆ, ಮಾವನ ಸ್ವೆಟರ್ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಒಂದು ಕುಣಿಕೆ ತಪ್ಪಿದರೆ ಅರ್ಧ ಸ್ವೆಟರ್ ಬಿಚ್ಚಿ ಮತ್ತೆ ಹೆಣೆಯುವ ಹೆಂಗಸು ನಮ್ಮ ಅತ್ತೆ. ಅವರು ದಿನವೂ ಆ ಗೋಡೆಯ ಎದುರಿಗೇ ಕೂತು ಊಟ ಮಾಡಬೇಕಾಯಿತು. ನಾನು ಇವರಿಗೆ ಹೇಳಿದೆ. ನೋಡಿದರು, ಮುಖ ಸಣ್ಣದಾಯಿತು, "ಗಾಜು ತಗದ್ರ ಇನ್ನೂ ಜಾಸ್ತಿ ಆಗ್ತೈತಿ" ಎಂದರು. ಮುಟ್ಟಿದರೆ ಹಾಳಾಗುತ್ತದೆ ಎಂಬ ಹೆದರಿಕೆ, ಮುಟ್ಟದಿದ್ದರೂ ಹಾಳಾಗುತ್ತಿದೆ ಎಂಬುದು ಕಣ್ಣೆದುರಿಗೆ.

ಆ ವಾರವೇ ಒಂದು ಮಧ್ಯಾಹ್ನ ಅತ್ತೆ, ನಾನು ಅಡುಗೆಮನೆಯ ಹೊಸ್ತಿಲಲ್ಲಿ ಬಳ್ಳೊಳ್ಳಿ ಸುಲಿಯುತ್ತಾ ಕೂತಿದ್ದೆವು. ನನ್ನ ಮುಂದೆ ಗುಡ್ಡೆ ಬೆಳೆಯುತ್ತಿತ್ತು, ಅವರ ಮುಂದೆ ಇಲ್ಲ. ಎಸಳು ಬೆರಳಿನಿಂದ ಜಾರಿ ಜಾರಿ ಬೀಳುತ್ತಿತ್ತು. ಬಿಡ್ರಿ ಅತ್ತೀ, ನಾ ಮಾಡ್ತೇನಿ ಎಂದೆ. ಅವರು ಬಿಡಲಿಲ್ಲ.

"ಈ ಚಳಿಗೆ ಒಂದು ಸ್ವೆಟರ್ ಆಗ್ತೈತವಾ ಈ ಬೆರಳಿಗೆ. ಮುಂದಿನ ಚಳಿಗೆ ಆಗೂದಿಲ್ಲ" ಎಂದರು, ಹವಾಮಾನದ ಮಾತಾಡಿದಂತೆ.

"ಬ್ಯಾರೆ ಉಲನ್ ತರೋಣೇನ್ರಿ?"

"ಬ್ಯಾರೆ ಉಲನ್ ಯಾತಕ? ಅವಗ ಹೆಣಿಬೇಕಂತೇನಿ. ಆ ಹೊಳಿ ದಂಡ್ಯಾಗ ಕುಂತು ಖೆಮ್ಮಕೋತ ಬರ್ತಾನ. ಅವರ ಅಪ್ಪಂದು ಹಂಗ ಹಾಕೋಳಾಕ ಬರೂದಿಲ್ಲ, ಹಿಡಿಸೂದೂ ಇಲ್ಲ. ಬಿಚ್ಚಿದ್ರ ಅವಗ ಆಗ್ತೈತಿ."

ನನ್ನ ಕೈ ನಿಂತಿತು. ಮಗಳಿಗೆ, ಇಲ್ಲವೇ ನಾದಿನಿಯ ಮಕ್ಕಳಿಗೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಇವರೂ ಹಾಗೇ ಅಂದುಕೊಂಡು ಅಪ್ಪನನ್ನು ಯಾರಿಗೋ ಹಂಚಲು ಹೊರಟಂತೆ ಸಿಟ್ಟಾಗಿದ್ದರು.

"ಅದನ್ನ ಅವರಿಗೆ ಒಂದ್ ಮಾತ್ ಹೇಳಬಾರದೇನ್ರಿ?"

"ಹೇಳಿದ್ರ ನನ್ನ ಮಾರಿ ನೋಡಿ ಕೊಡ್ತಾನ. ನನಗ ಹಂಗ ಬ್ಯಾಡ. ತಾನ ಕೊಡಬೇಕು. ನೀನೂ ಹೇಳಬ್ಯಾಡ."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಮನೆಗೆಲ್ಲ ಗೊತ್ತು. ಆದರೂ ತಡೆದುಕೊಂಡೆ. ಊಟ ಬಡಿಸುವಾಗ, ಗಿಡಕ್ಕೆ ನೀರು ಹಾಕುವಾಗ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಚಳಿ ಮುಗಿದುಹೋದರೆ ಏನು ಗತಿ ಎಂದು ನಿಜವಾಗಿಯೂ ಭಯವಾಗುತ್ತಿತ್ತು. ಆ ಬೆರಳುಗಳು ನನ್ನವೇನೋ ಎಂಬಂತೆ ದಿನವೂ ಅವನ್ನೇ ನೋಡುತ್ತಿದ್ದೆ.

ಅದರ ನಡುವೆ ಇವರು ಒಂದು ಉಪಾಯ ಕಂಡುಕೊಂಡರು. ಸ್ವೆಟರಿನ ಫೋಟೋ ತೆಗೆದು ಎರಡು ಸಂಜೆ ಕಂಪ್ಯೂಟರಿನ ಮುಂದೆ ಕೂತರು. ಬಲಭುಜದ ಹೆಣಿಗೆಯನ್ನು ತೆಗೆದು ಎಡಕ್ಕೆ ಕೂಡಿಸಿ, ಏಣಿಯ ಗೆರೆಯನ್ನು ಒಂದೊಂದೇ ಕುಣಿಕೆಯಾಗಿ ಮುಚ್ಚಿದರು. ಕೆಲಸ ಚೆನ್ನಾಗಿಯೇ ಇತ್ತು, ಅದರಲ್ಲಿ ಸುಳ್ಳಿಲ್ಲ. ಭಾನುವಾರ ಬೆಳಿಗ್ಗೆ ನದಿಯಿಂದ ಬಂದವರೇ, ಕೊರಳಲ್ಲಿ ಕ್ಯಾಮೆರಾ, ಬಾಯಲ್ಲಿ ಕೆಮ್ಮು, ದೊಡ್ಡ ಕಾಗದದ ಮೇಲೆ ಮಾಡಿಸಿ ತಂದ ಆ ಫೋಟೋವನ್ನು ಅವ್ವನ ಕೈಗೆ ಕೊಟ್ಟರು.

"ನೋಡವ್ವ, ಹರದದ್ದು ಗೊತ್ತ ಆಗೂದಿಲ್ಲ. ಗಾಜಿನ್ಯಾಗ ಇದನ್ನ ಹಾಕಿದ್ರ ಆತು. ಇದು ಎಂದೂ ಬಿಚ್ಚೂದಿಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಗೋಡೆಯನ್ನು ನೋಡಿದರು. ಮತ್ತೆ ಫೋಟೋ ನೋಡಿದರು. ಅಷ್ಟರಲ್ಲಿ ಇವರಿಗೆ ಕೆಮ್ಮು ಒತ್ತರಿಸಿ ಬಂದು, ಬಗ್ಗಿ ಎದೆ ಹಿಡಿದುಕೊಂಡರು. ಕೆಮ್ಮು ನಿಲ್ಲುವ ತನಕ ಅತ್ತೆ ಕಾದರು. ಆಮೇಲೆ ಫೋಟೋವನ್ನು ಮಗನ ಕಡೆ ಚಾಚಿದರು.

"ಛಲೋ ಆಗೈತಿ. ಹಾಕ್ಕೋ."

ಇವರಿಗೆ ಅರ್ಥವಾಗಲಿಲ್ಲ. "ಏನವ್ವ?"

"ಚಳಿ ಐತಿ. ಹಾಕ್ಕೋ ಅಂದೆ."

ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಅಂಗಿ ಕೊಟ್ಟು ತೊಟ್ಟುಕೋ ಎಂದಷ್ಟೇ ಸಹಜವಾಗಿ ಹೇಳಿ, ಫೋಟೋ ಹಿಡಿದ ಕೈ ಹಾಗೇ ಚಾಚಿಕೊಂಡು ಕೂತಿದ್ದರು. ಇವರು ಫೋಟೋ ತೆಗೆದುಕೊಂಡರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ನನ್ನ ಮುಖ ನೋಡಿದರೆ ಎಲ್ಲ ತಿಳಿದುಹೋಗುತ್ತಿತ್ತು.

ಊಟಕ್ಕೆ ಮೊದಲೇ ಇವರು ಸ್ಟೂಲು ತಂದು ಚೌಕಟ್ಟನ್ನು ಇಳಿಸಿದರು. ಹಿಂದಿನ ಹಲಗೆ ಬಿಚ್ಚಿ, ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಸ್ವೆಟರನ್ನು ಎತ್ತಿ ಒಂದು ಸಲ, ಒಂದೇ ಸಲ, ಅದರ ಬೆನ್ನಿಗೆ ಮುಖ ಒತ್ತಿದರು. ವಾಸನೆ ಉಳಿದಿತ್ತೋ ಇಲ್ಲವೋ ನಾನು ಕೇಳಿಲ್ಲ. ಆಮೇಲೆ ತಂದು ಅವ್ವನ ತೊಡೆಯ ಮೇಲೆ ಇಟ್ಟರು.

"ತಗೋ ಅವ್ವ. ನಿನ್ನ ಉಲನ್."

"ತಿರುಗಿ ನಿಂದರು" ಎಂದರು ಅತ್ತೆ.

ಇವರು ತಿರುಗಿ ನಿಂತರು. ಅತ್ತೆ ಕಷ್ಟಪಟ್ಟು ಎದ್ದು, ಮಗನ ಬೆನ್ನಿನ ಮೇಲೆ ಈ ಭುಜದಿಂದ ಆ ಭುಜದ ತನಕ ಗೇಣು ಹಾಕಿದರು. ಬೆರಳು ಪೂರ್ತಿ ಅಗಲವಾಗದ ಕಾರಣ ಗೇಣು ಸಣ್ಣದಾಗುತ್ತಿತ್ತು, ಮತ್ತೆ ಮೊದಲಿಂದ ಹಾಕಿದರು. ಯಾರಿಗಾಗಿ ಬಿಚ್ಚುವುದು ಎಂದು ಇವರಿಗೆ ಆಗ ತಿಳಿಯಿತು. ಬೆನ್ನು ಅವ್ವನ ಕಡೆ ಇತ್ತು, ಮುಖ ನನ್ನ ಕಡೆ. ಅಂಥ ಮುಖವನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ. ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡರು.

ಬಿಚ್ಚುವ ತುದಿ ಎಲ್ಲಿದೆ ಎಂದು ಹೆಣೆದವರಿಗೆ ಮಾತ್ರ ಗೊತ್ತಿರುತ್ತದೆ. ಅತ್ತೆ ಕೊರಳ ಒಳಗೆ ಬೆರಳು ಆಡಿಸಿ ಅದನ್ನು ಹಿಡಿದರು. ಮೊಳೆ ಕಡಿದಲ್ಲಿ ದಾರ ತುಂಡಾಗಿ ಬಂತು, ಗಂಟು ಹಾಕಿದರು. ಬಿಚ್ಚಿ, ತೊಳೆದು, ಕಲ್ಲು ಕಟ್ಟಿ ನಿಂಬೆಯ ಗಿಡಕ್ಕೆ ತೂಗುಹಾಕಿದೆವು. ಒಣಗಿದ ಮೇಲೆ ಮುಂದಿನ ಭಾನುವಾರ ಮಧ್ಯಾಹ್ನ ಅತ್ತೆ ಲಡಿ ಹಿಡಿದುಕೊಂಡು ಪಡಸಾಲೆಗೆ ಬಂದು ನಿಂತರು. ಮಾವ ಹೋದ ಮೇಲೆ ಲಡಿಯನ್ನು ಅವರು ಮಾವನ ಆ ಮರದ ಕುರ್ಚಿಯ ಬೆನ್ನಿಗೆ ಸಿಕ್ಕಿಸಿ ಸುತ್ತುತ್ತಿದ್ದರು, ಯಾರಿಗೂ ಕೈ ಚಾಚು ಎಂದಿರಲಿಲ್ಲ. ಅವತ್ತೂ ಕುರ್ಚಿಯ ಕಡೆಗೇ ಹೋದರು. ಇವರು ಎದ್ದು, ಕೊರಳಿನಿಂದ ಕ್ಯಾಮೆರಾ ತೆಗೆದು ನನ್ನ ಕೈಗಿಟ್ಟು, ಆ ಕುರ್ಚಿಯ ಮೇಲೆ ತಾವೇ ಕೂತು ಎರಡೂ ಕೈ ಮುಂದೆ ಚಾಚಿದರು.

ಅತ್ತೆ ಒಂದು ಗಳಿಗೆ ನಿಂತು, ಲಡಿ ಏರಿಸಿ, ಎದುರಿಗೆ ಕೂತರು. ಉಂಡೆ ಮೆಲ್ಲಗೆ ದಪ್ಪವಾಗುತ್ತಾ ಹೋಯಿತು. ಅವ್ವ ಮಗ ಏನೇನೋ ಮಾತಾಡಿದರು. ಬಾಗೇವಾಡಿಯ ಹೋರಿಯ ಮಾತು ಬಂತು, ತಂಗಡಗಿಯ ಹೊಳೆ ತುಂಬಿ ಬಂದ ವರ್ಷದ ಮಾತು ಬಂತು. ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು. ಅದನ್ನು ನಾನು ಎಂದೂ ಮುಟ್ಟಿದವಳಲ್ಲ, ಇವರು ಮುಟ್ಟಗೊಟ್ಟೂ ಇರಲಿಲ್ಲ. ಕಣ್ಣಿಗೆ ಹಚ್ಚಿ, ದೊಡ್ಡ ಗುಂಡಿ ಯಾವುದಿದೆಯೋ ಅದನ್ನು ಒತ್ತಿದೆ.

ಅತ್ತೆಗೆ ಆ ಸ್ವೆಟರ್ ಮುಗಿಸಲು ಉಳಿದ ಚಳಿಯೆಲ್ಲ ಬೇಕಾಯಿತು. ದಿನಕ್ಕೆ ಕೆಲವೇ ಸಾಲು, ಅದೂ ಬಿಸಿಲಿಗೆ ಕೂತು ಬೆರಳು ಕಾಯಿಸಿಕೊಂಡ ಮೇಲೆ. ಮಗ ಅಪ್ಪನಿಗಿಂತ ಅಗಲ, ತೋಳಿನ ಕೊನೆಗೆ ಬರುವಷ್ಟರಲ್ಲಿ ಕೆಂಪು ಮುಗಿದುಹೋಯಿತು. ಟ್ರಂಕಿನಿಂದ ನನ್ನ ಹಸಿರು ಉಂಡೆ ಹೊರಬಂತು. ಕೆಂಪು ಸ್ವೆಟರಿಗೆ ಹಸಿರು ಮುಂಗೈ. ಕಾಲೇಜಿನ ಲೆಕ್ಚರರ್ ತೊಡುವ ಬಣ್ಣವಲ್ಲ ಎಂದು ನಾನು ನಕ್ಕೆ. "ನಿನ್ನ ಸ್ವೆಟರ್ ಎಲ್ಲಿ ಹೋತು ಅಂತ ಕೇಳತಿದ್ದೆಲ್ಲ, ನೋಡಿಲ್ಲೆ ಬಂತು" ಎಂದರು ಅತ್ತೆ. ಇವರು ಆ ಚಳಿಯ ಕೊನೆಯ ಎರಡು ಭಾನುವಾರ ಅದನ್ನು ತೊಟ್ಟು ಅಗರಖೇಡಕ್ಕೆ ಹೋದರು. ನಾನು ಅವರೆದುರಿಗೇ ಗುಲಾಬಿ ಕತ್ತರಿಸಿದೆ. ಇವರು ಮೊಗ್ಗಿನ ಸುದ್ದಿ ಎತ್ತಲಿಲ್ಲ.

ಎರಡನೆಯ ಭಾನುವಾರ ನದಿಯಿಂದ ಬರುವಾಗ ನಾನು ತೆಗೆದ ಫೋಟೋವನ್ನು ಕಾಗದದ ಮೇಲೆ ಮಾಡಿಸಿ ತಂದರು. ಅದರಲ್ಲಿ ಅವರ ತಲೆಯೇ ಬಂದಿರಲಿಲ್ಲ. ಬಿಳಿ ಅಂಗಿಯ ಎದೆ, ಮರದ ಕುರ್ಚಿಯ ಕೈ, ಮುಂದೆ ಚಾಚಿದ ಎರಡು ಕೈಗಳು, ಅವುಗಳ ಮೇಲೆ ಕೆಂಪು ಲಡಿ, ಅದರ ತುದಿ ಫೋಟೋದ ಆಚೆಗೆಲ್ಲೋ ಹೋಗಿತ್ತು. ಎಲ್ಲರ ಫೋಟೋಗಳಲ್ಲೂ ತಪ್ಪು ಹುಡುಕುವ ಮನುಷ್ಯ, ಬಯ್ಯುತ್ತಾರೆಂದು ಕಾದೆ. ಸ್ವೆಟರ್ ತೆಗೆಯದೆ ಅವ್ವನ ಪಕ್ಕ ಕೂತು ಫೋಟೋ ಕೊಟ್ಟರು.

ಅತ್ತೆಯ ಕನ್ನಡಕ ಕಿಟಕಿಯಲ್ಲಿತ್ತು. ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಅವರ ಮುಖ ಮೆತ್ತಗಾಯಿತು.

"ನಿಮ್ಮ ಅಪ್ಪನ ಈ ಫೋಟೋ ಯಾವಾಗ ತಗದಿದ್ದೋ ತಮ್ಮಾ?" ಎಂದರು. "ನಾ ನೋಡೇ ಇಲ್ಲಲ್ಲ."

ಅದು ಅಪ್ಪನಲ್ಲ ಎಂದು ಹೇಳುವುದು ಹೇಗೆ ಎಂದು ನಾನು ಇವರ ಕಡೆ ನೋಡಿದೆ. ಇವರು ಅವ್ವನ ಮುಂದೆ ತಮ್ಮ ಎರಡೂ ಕೈ ಚಾಚಿದರು.

ಅತ್ತೆ ಕೈ ನೋಡಿದರು, ಫೋಟೋ ನೋಡಿದರು, ಮತ್ತೆ ಕೈ ನೋಡಿದರು. ಆಮೇಲೆ ಫೋಟೋವನ್ನು ಮಡಿಲಲ್ಲಿಟ್ಟು, ಮುಂಗೈಗೆ ಹೆಣೆದು ಉಳಿದದ್ದನ್ನು ತೊಳೆದು ಮತ್ತೆ ಲಡಿ ಮಾಡಿ ಪಕ್ಕದಲ್ಲಿಟ್ಟಿದ್ದ ಹಸಿರು ದಾರ ತೆಗೆದುಕೊಂಡು ಆ ಕೈಗಳಿಗೆ ಏರಿಸಿದರು.

"ಖಾಲಿ ಯಾಕ ಚಾಚೀದಿ" ಎಂದರು. "ಹಿಡಿ."